ಹಿತ್ತಲಿನ ಗ್ಯಾಸ್ ಬಾರ್ಬೆಕ್ಯೂಗೆ ಕಟ್ಟೆ ಕಟ್ಟಿಸುವ ಮೊದಲು

ಹಿತ್ತಲಲ್ಲೋ ಮಾಳಿಗೆಯ ಮೇಲೋ ಕಟ್ಟೆ ಕಟ್ಟಿಸಿ ಅದರೊಳಗೆ ಗ್ಯಾಸ್ ಬಾರ್ಬೆಕ್ಯೂ ಕೂರಿಸಬೇಕು ಅನ್ನುವವರು ಮೊದಲು ಕೇಳುವುದು ಯಾವ ಕಂಪನಿಯದು ತರಬೇಕು ಎಂದು. ಅದು ಎರಡನೆಯ ಪ್ರಶ್ನೆ. ಗ್ರಿಲ್ ಕೆಟ್ಟರೆ ಎತ್ತಿ ಬೇರೆಯದು ಇಡಬಹುದು. ಕಟ್ಟೆ ಹಾಗಲ್ಲ. ಅದು ಹುಬ್ಬಳ್ಳಿಯ ಎರೆಮಣ್ಣಿನ ಮೇಲೆ, ಗದಗಿನ ಗಾಳಿಗೆ ಮೈಯೊಡ್ಡಿ, ನಮ್ಮ 14.2 ಕೆ.ಜಿ. ಸಿಲಿಂಡರಿನ ಅಳತೆಗೆ ಹೊಂದಿ ಇಪ್ಪತ್ತು ವರ್ಷ ನಿಲ್ಲಬೇಕು. ಪರದೇಶದ ವಿಡಿಯೋ ನೋಡಿ ಕಟ್ಟಿಸಿದ ಕಟ್ಟೆಗಳು ಇಲ್ಲಿ ಸೋಲುವುದು ಈ ಮೂರರಲ್ಲಿ ಒಂದಕ್ಕೆ. ಹಾಗಾಗಿ ಈ ಬರಹದಲ್ಲಿ ಗ್ರಿಲ್ಲಿಗಿಂತ ಅದರ ಕೆಳಗಿನದೇ ಹೆಚ್ಚು.

ಆದರೂ ಗ್ರಿಲ್ ಮನೆಗೆ ಬಂದ ಮೇಲೆಯೇ ಗೌಂಡಿಯನ್ನು ಕರೆಯಿರಿ. ಅಂಗಡಿಯವರು ಹೇಳುವುದು ಹೊರಮೈ ಅಳತೆ. ನಮಗೆ ಬೇಕಾದದ್ದು ಕೈಪಿಡಿಯಲ್ಲಿರುವ ಕಟೌಟ್ ಅಳತೆ, ಅಂದರೆ ಗ್ರಿಲ್ ಇಳಿಯುವ ಬಾಯಿಯ ಅಗಲ, ಆಳ, ಎತ್ತರ ಮೂರೂ. ಗೌಂಡಿ ಬ್ಲಾಕಿನಿಂದ ಬ್ಲಾಕಿಗೆ ಅಳೆದು ಗೋಡೆ ಎಬ್ಬಿಸುತ್ತಾರೆ. ಆಮೇಲೆ ಎರಡೂ ಕಡೆ 12ರಿಂದ 15 ಮಿ.ಮೀ. ಗಿಲಾವು ಬೀಳುತ್ತದೆ. ಅಲ್ಲಿಗೆ ಒಂದು ಇಂಚು ಹೋಯಿತು. ಗ್ರಾನೈಟಿನ ಅಂಚುಪಟ್ಟಿ ಹಚ್ಚಿದರೆ ಇನ್ನೂ ಒಂದೂವರೆ ಇಂಚು. ಕೊನೆಗೆ ಗ್ರಿಲ್ ಬಾಯಿಯವರೆಗೆ ಬಂದು ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ಕೈಪಿಡಿಯ ಅಳತೆ ಗಿಲಾವು ಮುಗಿದ ಮೇಲಿನ ಅಳತೆ ಎಂದು ಗೌಂಡಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಇನ್ನೂ ಒಳ್ಳೆಯದೆಂದರೆ ಅದೇ ಅಳತೆಯ ಪ್ಲೈವುಡ್ ಚೌಕಟ್ಟು ಮಾಡಿ ಕೈಗೆ ಕೊಡುವುದು. ಮೂಲೆಗಳು ನೇರವಾಗಿವೆಯೇ ಎಂದು ನೋಡಲು ಎರಡೂ ಕರ್ಣ ಅಳೆಯಿರಿ: 760 × 520 ಮಿ.ಮೀ. ಬಾಯಿಗೆ ಎರಡೂ ಕಡೆಯಿಂದ 921 ಬರಬೇಕು. ಐದು ಮಿ.ಮೀ. ಹೆಚ್ಚುಕಡಿಮೆಯಾದರೂ ಗ್ರಿಲ್ಲಿನ ಅಂಚು ಒಂದು ಮೂಲೆಯಲ್ಲಿ ಎದ್ದು ಕೂರುತ್ತದೆ.

ಸ್ಟೀಲಿನ ವಿಚಾರ ಒಂದೇ ಮಾತು: ಹೊರಗೆ ಬಾಳುವುದು 304 ದರ್ಜೆಯದು. ಅಯಸ್ಕಾಂತ ಹಿಡಿದು "ಅಂಟುವುದಿಲ್ಲ, ಹಾಗಾದರೆ 304" ಎಂದು ನಂಬಬೇಡಿ. ಅಯಸ್ಕಾಂತಕ್ಕೆ 202 ದರ್ಜೆಯೂ ಅಂಟುವುದಿಲ್ಲ. ಅದು ನಿಂಬೆ, ಉಪ್ಪು, ಮಳೆನೀರಿಗೆ ಎರಡು ಮಳೆಗಾಲದಲ್ಲಿ ಚುಕ್ಕೆ ಚುಕ್ಕೆ ತುಕ್ಕು ಬಿಡುತ್ತದೆ. ಅಂಟುವುದು 430. ಬಿಲ್ಲಿನ ಮೇಲೆ ದರ್ಜೆ ಬರೆಸಿಕೊಳ್ಳಿ. ಸ್ಕ್ರೂ, ಕೀಲುಗಳ ದರ್ಜೆಯನ್ನೂ ಕೇಳಿ, ಏಕೆಂದರೆ ಮೊದಲು ತುಕ್ಕು ಹಿಡಿಯುವುದು ಅವೇ.

ಬರ್ನರ್ ಎಷ್ಟು? ಮೂರು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಡಗಿ ಮೆಣಸಿನಕಾಯಿ ಅರೆದು ಹಚ್ಚಿದ ಪನೀರಿಗೂ ಕೋಳಿಗೂ ಜೋರು ಉರಿ ಬೇಡ. ಬಣ್ಣ ಬರುವ ಮೊದಲೇ ಮಸಾಲೆ ಕರಿಯಾಗುತ್ತದೆ. ಒಂದು ಬರ್ನರ್ ಜೋರು, ಒಂದು ಸಣ್ಣ, ಒಂದು ಬಂದ್ ಎಂದು ಇಟ್ಟುಕೊಳ್ಳಲು ಬಂದರೆ ಬದನೆಕಾಯಿ, ಗೋವಿನಜೋಳದ ತೆನೆ, ಸೀತನಿ ಎಲ್ಲವೂ ಹದವಾಗಿ ಸುಡುತ್ತವೆ. ನಾಲ್ಕೈದು ಬರ್ನರಿನ ಗ್ರಿಲ್ಲಿಗೆ ಮನೆಯ ಸಿಲಿಂಡರ್ ಉಸಿರು ಕೊಡುವುದಿಲ್ಲ. ಆ ಲೆಕ್ಕ ಮುಂದೆ ಬರುತ್ತದೆ.

ಮಣ್ಣು

ಹುಬ್ಬಳ್ಳಿ, ನವಲಗುಂದ, ಗದಗ, ರೋಣದ ಎರೆಭೂಮಿ ಮಳೆಗೆ ಉಬ್ಬುತ್ತದೆ, ಏಪ್ರಿಲ್-ಮೇ ಬಿಸಿಲಿಗೆ ಬಿರುಕು ಬಿಟ್ಟು ಕುಗ್ಗುತ್ತದೆ. ದೊಡ್ಡ ಮನೆಯ ಭಾರ ಮಣ್ಣನ್ನು ಒಂದಿಷ್ಟು ಅದುಮಿ ಹಿಡಿಯುತ್ತದೆ. ಹಗುರವಾದ ಕಟ್ಟೆಯನ್ನು ಮಣ್ಣೇ ಎತ್ತಿ ಇಳಿಸುತ್ತದೆ. ಮೊದಲ ವರ್ಷ ಗ್ರಾನೈಟ್ ಸಂದಿಯಲ್ಲಿ ಕೂದಲೆಳೆಯ ಬಿರುಕು, ಎರಡನೆಯ ವರ್ಷ ಗ್ರಿಲ್ ಒಂದು ಕಡೆ ವಾಲಿ ಜಿಡ್ಡು ತಟ್ಟೆಗೆ ಇಳಿಯದೆ ಬರ್ನರಿನ ಕಡೆ ಹರಿಯುವುದು. ಇನ್ನೂ ಕೆಟ್ಟದ್ದೆಂದರೆ ಗೋಡೆಯೊಳಗೆ ಬಿಗಿಯಾಗಿ ಹೂತ ಗ್ಯಾಸ್ ಪೈಪಿನ ಜಾಯಿಂಟ್ ಸಡಿಲಾಗುವುದು. ಧಾರವಾಡದ ಪಡುವಣ ಭಾಗ, ಹಾನಗಲ್ ಕಡೆಯ ಕೆಂಪುಮಣ್ಣಿಗೆ ಈ ಕಾಟವಿಲ್ಲ. ಅಲ್ಲಿ ಒಂದು ಅಡಿ ತೆಗೆದು ಕಾಂಕ್ರೀಟ್ ಹಾಕಿದರೂ ನಡೆಯುತ್ತದೆ.

ಎರೆಮಣ್ಣಿದ್ದರೆ ಕಟ್ಟೆಯ ಜಾಗಕ್ಕಿಂತ ಸುತ್ತಲೂ ಒಂದು ಅಡಿ ಹೆಚ್ಚಿಗೆ, ಎರಡರಿಂದ ಎರಡೂವರೆ ಅಡಿ ಆಳ ಅಗೆದು ಮಣ್ಣನ್ನು ಹೊರಗೆ ಸಾಗಿಸಿ. ಅದೇ ಮಣ್ಣನ್ನು ಮತ್ತೆ ತುಂಬಿದರೆ ಅಗೆದ ಕೂಲಿ ದಂಡ. ಅಲ್ಲಿಗೆ ಗರಸು ಹಾಕಬೇಕು. ಆರಾರು ಇಂಚಿನ ಪದರ, ಪ್ರತಿ ಪದರಕ್ಕೂ ನೀರು ಹೊಡೆದು ದಮ್ಮಸು. ಒಮ್ಮೆಲೇ ಎರಡು ಅಡಿ ಸುರಿದು ಮೇಲೆ ಮಾತ್ರ ಬಡಿದರೆ ಒಳಗೆ ಪೊಳ್ಳು ಉಳಿದು ಮುಂದಿನ ಮಳೆಗೆ ಕುಸಿಯುತ್ತದೆ. ಗರಸಿನ ಮೇಲೆ 1:4:8ರ (ಸಿಮೆಂಟ್, ಉಸುಕು, ಜಲ್ಲಿ) ನಾಲ್ಕು ಇಂಚು ಕಾಂಕ್ರೀಟ್, ಅದರ ಮೇಲೆ ಐದು ಇಂಚಿನ ಆರ್‌ಸಿಸಿ ಹಾಸು. ಸರಳು 8 ಮಿ.ಮೀ., ಎರಡೂ ದಿಕ್ಕಿಗೆ ಆರು ಇಂಚಿಗೊಂದು. ಇಡೀ ಕಟ್ಟೆ ಈ ಒಂದೇ ಹಾಸಿನ ಮೇಲೆ ಕೂತರೆ ಮಣ್ಣು ಸ್ವಲ್ಪ ಅಲುಗಿದರೂ ಕಟ್ಟೆ ಒಟ್ಟಾಗಿ ಅಲುಗುತ್ತದೆ, ಸೀಳುವುದಿಲ್ಲ. 2.4 ಮೀಟರ್ ಉದ್ದ, 75 ಸೆಂ.ಮೀ. ಅಗಲದ ಕಟ್ಟೆಗೆ ಹಾಸು ಸುತ್ತಲೂ ಆರು ಇಂಚು ಚಾಚಿರಲಿ. 1:1½:3ರ ಪ್ರಮಾಣದಲ್ಲಿ ಹಾಸಿಗೆ ಮೂರು ಚೀಲ ಸಿಮೆಂಟ್, ಕೆಳಗಿನ ಪದರಕ್ಕೆ ಒಂದು ಚೀಲ ಬೇಕಾಗುತ್ತದೆ. ಹಾಸಿನ ಮೇಲ್ಮೈ ನೆಲಕ್ಕಿಂತ ಏಳು ಸೆಂ.ಮೀ. ಎತ್ತರವಿರಲಿ, ಮಳೆನೀರು ಒಳಗೆ ನುಗ್ಗುವುದಿಲ್ಲ.

ಕಾಂಪೌಂಡ್ ಗೋಡೆಯನ್ನೇ ಕಟ್ಟೆಯ ಹಿಂಗೋಡೆ ಮಾಡಿಕೊಂಡು ಬ್ಲಾಕ್ ಉಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಎರೆಭೂಮಿಯಲ್ಲಿ ಕಾಂಪೌಂಡ್ ತನ್ನ ಪಾಡಿಗೆ ವಾಲುತ್ತದೆ, ಕಟ್ಟೆಯನ್ನೂ ಎಳೆಯುತ್ತದೆ. ನಡುವೆ ಒಂದು ಇಂಚು ಸಂದಿ ಬಿಟ್ಟು ಕಟ್ಟಿ.

ಮಾಳಿಗೆಯ ಮೇಲಾದರೆ ಪ್ರಶ್ನೆ ಮಣ್ಣಿನದಲ್ಲ, ಭಾರದ್ದು. ಇದೇ ಅಳತೆಯ ಕಟ್ಟೆಯನ್ನು ಆರು ಇಂಚಿನ ಗಟ್ಟಿ ಕಾಂಕ್ರೀಟ್ ಬ್ಲಾಕಿನಲ್ಲಿ ಕಟ್ಟಿದರೆ ಗಿಲಾವು, ಸ್ಲ್ಯಾಬು, ಗ್ರಾನೈಟ್ ಸೇರಿ ಹತ್ತಿರಹತ್ತಿರ ಒಂದೂವರೆ ಟನ್. ಅಂದರೆ ಚದರ ಮೀಟರಿಗೆ 850 ಕೆ.ಜಿ. ಸುಮಾರು. ಓಡಾಡುವ ಮಾಳಿಗೆಗೆ ಇಂಜಿನಿಯರು ಹಿಡಿಯುವ ಬಳಕೆಭಾರ ಚದರ ಮೀಟರಿಗೆ 150 ಕೆ.ಜಿ. ಆದ್ದರಿಂದ ಮಾಳಿಗೆಯಲ್ಲಿ ಬ್ಲಾಕಿನ ಕಟ್ಟೆ ಬೇಡವೇ ಬೇಡ. ಗ್ಯಾಲ್ವನೈಸ್ ಮಾಡಿದ ಚೌಕ ಪೈಪಿನ ಚೌಕಟ್ಟು, ಅದಕ್ಕೆ ಸಿಮೆಂಟ್ ಬೋರ್ಡ್ ಹೊದಿಕೆ, ಕಾಲುಗಳು ತೊಲೆಯ ಮೇಲೆ ಬರುವ ಹಾಗೆ. ವಾಟರ್‌ಪ್ರೂಫ್ ಪದರಕ್ಕೆ ಮೊಳೆ ಹೊಡೆಯದೆ ಕಾಲಡಿಗೆ ರಬ್ಬರ್ ಹಾಳೆ ಕೊಡಿ.

ಎತ್ತರ ಮತ್ತು ಸಿಲಿಂಡರ್

ನೆಲದ ಮೇಲಿನ ಕಟ್ಟೆಗೆ ಮರಳಿ ಬರೋಣ. ಎಂಟು ಇಂಚು ಎತ್ತರದ ಬ್ಲಾಕ್ ಮೂರು ವರಸೆ ಗಾರೆ ಸೇರಿ 63 ಸೆಂ.ಮೀ. ಅದರ ಮೇಲೆ ಮೂರು ಇಂಚು ಸ್ಲ್ಯಾಬು, ಗ್ರಾನೈಟ್, ಕೆಳಗೆ ಹಾಸಿನ ಏಳು ಸೆಂ.ಮೀ., ಎಲ್ಲ ಕೂಡಿ ನೆಲದಿಂದ 82 ಸೆಂ.ಮೀ. ನಮ್ಮ ಅಡುಗೆಮನೆ ಕಟ್ಟೆಯಷ್ಟೇ, ಮೂವತ್ತೆರಡು ಇಂಚು. ಸುಡುವ ಜಾಲರಿ ಇದಕ್ಕಿಂತ ಎರಡು-ಮೂರು ಇಂಚು ಮೇಲೆ ಬರುವುದರಿಂದ ನಮ್ಮ ಎತ್ತರದವರಿಗೆ ಇದು ಸರಿಯಾದ ಮಟ್ಟ. ಬ್ಲಾಕ್ 35 ಬೇಕು, ಒಡೆಯುವುದು ಹಿಡಿದು 40 ತರಿಸಿ.

ತೊಡಕು ಇಲ್ಲೇ ಇದೆ. 14.2 ಕೆ.ಜಿ. ಸಿಲಿಂಡರಿನ ಎತ್ತರವೂ ಸುಮಾರು 63 ಸೆಂ.ಮೀ. ರೆಗ್ಯುಲೇಟರ್ ಹಾಕಿ ತೆಗೆಯಲು ಕೈ ಆಡುವ ಜಾಗ ಬೇರೆ ಬೇಕು. ಸ್ಲ್ಯಾಬಿನ ಕೆಳಗೆ ಅದು ನಿಲ್ಲುವುದಿಲ್ಲ. ಕಟ್ಟೆ ಮುಗಿದ ಮೇಲೆ ಇದು ಗೊತ್ತಾದಾಗ ಜನ ಮಾಡುವ ಉಪಾಯ ಒಂದೇ: ಹಾಸನ್ನು ಒಡೆದು ಅರ್ಧ ಅಡಿ ತಗ್ಗು ಮಾಡಿ ಸಿಲಿಂಡರನ್ನು ಅದರಲ್ಲಿ ಇಳಿಸುವುದು. ಈ ಇಡೀ ಕೆಲಸದಲ್ಲಿ ಇದಕ್ಕಿಂತ ಅಪಾಯದ ತಪ್ಪು ಬೇರೆ ಇಲ್ಲ.

ಏಕೆಂದರೆ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ್ದು ಮೇಲೇರಿ ಹೋಗುವುದಿಲ್ಲ. ನೀರಿನ ಹಾಗೆ ಕೆಳಗಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಎರಡರಷ್ಟಾದರೆ ಕಿಡಿ ಸಾಕು. 90 ಸೆಂ.ಮೀ. ಉದ್ದ, 60 ಸೆಂ.ಮೀ. ಆಳ, 60 ಸೆಂ.ಮೀ. ಎತ್ತರದ ಒಂದು ಖಾನೆ ಆ ಮಟ್ಟಕ್ಕೆ ತುಂಬಲು ಬೇಕಾದ ಗ್ಯಾಸು ಸುಮಾರು 15 ಗ್ರಾಂ, ತುಂಬಿದ ಸಿಲಿಂಡರಿನ ಸಾವಿರದಲ್ಲೊಂದು ಪಾಲು. ಚೆಂದಕ್ಕೆಂದು ಸುತ್ತಲೂ ಗಿಲಾವು ಮಾಡಿ, ಬಿಗಿ ಬಾಗಿಲು ಹಚ್ಚಿದ ಕಟ್ಟೆಯ ಹೊಟ್ಟೆಯಲ್ಲಿ ಅಷ್ಟು ಸೋರಲು ಒಂದು ರಾತ್ರಿ ಬಹಳವಾಯಿತು. ಬೆಳಿಗ್ಗೆ ಇಗ್ನಿಷನ್ ಒತ್ತಿದಾಗ ಹೊತ್ತಿಕೊಳ್ಳುವುದು ಬರ್ನರ್ ಅಲ್ಲ, ಕಟ್ಟೆಯ ಹೊಟ್ಟೆ.

ಹಾಗಾಗಿ ಸಿಲಿಂಡರಿಗೆ ಕಟ್ಟೆಯ ಪಕ್ಕದಲ್ಲಿ ಬೇರೆ ಗೂಡು ಮಾಡಿ. ಒಂದು ಇಂಚಿನ ಆ್ಯಂಗಲ್ ಚೌಕಟ್ಟು, ಮೂರು ಕಡೆ ಜಾಲರಿ, ಮೇಲೆ ಬಿಸಿಲು-ಮಳೆಗೆ ತಗಡು, ಬಾಗಿಲಿನ ಕೆಳಗೆ ಎರಡು ಇಂಚು ಖಾಲಿ. ಒಳಗೆ 45 ಸೆಂ.ಮೀ. ಅಗಲ, 80 ಸೆಂ.ಮೀ. ಎತ್ತರ ಸಿಗಲಿ. ನೆಲ ಸುತ್ತಲಿನದಕ್ಕಿಂತ ಒಂದು ಇಂಚಾದರೂ ಮೇಲಿರಬೇಕು. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಲ್ಲಬೇಕು. ಅಡ್ಡ ಮಲಗಿಸಿದರೆ ದ್ರವ ಗ್ಯಾಸೇ ರೆಗ್ಯುಲೇಟರಿಗೆ ಬರುತ್ತದೆ. ಗೂಡಿನ ಮೂರು ಮೀಟರ್ ಸುತ್ತಿನಲ್ಲಿ ಗಟಾರದ ಚೇಂಬರ್, ನೀರಿನ ಸಂಪಿನ ಮುಚ್ಚಳ, ಬೋರಿನ ಮೋಟಾರ್ ಸ್ಟಾರ್ಟರ್ ಇರದ ಹಾಗೆ ಜಾಗ ಆರಿಸಿ. ನಮ್ಮ ಹಿತ್ತಲುಗಳಲ್ಲಿ ಇವು ಮೂರೂ ಒಂದೇ ಮೂಲೆಯಲ್ಲಿರುತ್ತವೆ. ಸಿಲಿಂಡರಿಗೂ ಜನ ಅದೇ ಮೂಲೆ ಹುಡುಕುತ್ತಾರೆ.

ಸಿಲಿಂಡರ್ ಹೊರಗಿದ್ದರೂ ಗ್ರಿಲ್ಲಿನ ಕೆಳಗಿನ ಖಾನೆಗೆ ಗಾಳಿಯಾಡಬೇಕು, ಅಲ್ಲಿ ಜಾಯಿಂಟ್ ಇದೆ. ಹಿಂಗೋಡೆಯಲ್ಲಿ ಹಾಸಿನ ಮಟ್ಟಕ್ಕೆ ತಾಗಿ ಆರು ಇಂಚು ಚೌಕದ ಎರಡು ಕಿಂಡಿ, ಎದುರಿನ ಬಾಗಿಲಿನಲ್ಲಿ ಕೆಳಗೂ ಮೇಲೂ ಜಾಲರಿ. ಒಂದೇ ಕಡೆ ಕಿಂಡಿಯಿದ್ದರೆ ಗಾಳಿ ಹಾಯುವುದಿಲ್ಲ, ಎದುರುಬದುರು ಇರಬೇಕು. ಕಿಂಡಿಗೆ 6 ಮಿ.ಮೀ. ಕಣ್ಣಿನ ಸ್ಟೀಲ್ ಜಾಲರಿ ಬಿಗಿಯಿರಿ. ಅದಿಲ್ಲದಿದ್ದರೆ ಹೆಗ್ಗಣ, ಅಳಿಲು ಒಳಗೆ ಹೊಕ್ಕು ಹೋಸ್ ಕಡಿಯುತ್ತವೆ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನದೂ ಬೇಡ, ದೂಳು ತುಂಬಿ ಒಂದೇ ವರ್ಷಕ್ಕೆ ಮುಚ್ಚಿಹೋಗುತ್ತದೆ.

ಗಾಳಿ

ಗದಗ ಸೀಮೆಯಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗ್ರಿಲ್ಲಿನ ಮುಚ್ಚಳದ ಬಿಸಿಗಾಳಿ ಹೊರಬೀಳುವ ದಾರಿ ಹಿಂಭಾಗದಲ್ಲಿದೆ. ಬೆನ್ನಿನಿಂದ ಜೋರು ಗಾಳಿ ನುಗ್ಗಿದರೆ ಬಿಸಿ ಹೊರಗೆ ಹೋಗದೆ ಮುಂದಕ್ಕೆ, ಉರಿ ಹೆಚ್ಚುಕಡಿಮೆ ಮಾಡುವ ಗುಬ್ಬಿಗಳ (ನಾಬ್) ಕಡೆಗೆ ಬರುತ್ತದೆ. ಗುಬ್ಬಿ ಕರಗುತ್ತದೆ, ವಾಲ್ವಿನ ಗ್ರೀಸು ಒಣಗಿ ತಿರುಗಿಸಲು ಬಿಗಿಯಾಗುತ್ತದೆ. ನಮ್ಮಲ್ಲಿ ಮಳೆಗಾಲಕ್ಕೆ ಪಡುವಣ ಗಾಳಿ, ದೀಪಾವಳಿ ಕಳೆದ ಮೇಲೆ ಮೂಡಣ ಗಾಳಿ. ಆದ್ದರಿಂದ ಗ್ರಿಲ್ಲಿನ ಬೆನ್ನು ಪಡುವಣಕ್ಕೂ ಬೇಡ, ಮೂಡಣಕ್ಕೂ ಬೇಡ. ಬಡಗಣಕ್ಕೋ ತೆಂಕಣಕ್ಕೋ ಬೆನ್ನು ಮಾಡಿದರೆ ಎರಡೂ ಕಾಲದ ಗಾಳಿ ಅಡ್ಡಲಾಗಿ ಹಾದುಹೋಗುತ್ತದೆ. ಜಾಗ ಸಿಗದೆ ಬೆನ್ನು ಗಾಳಿಗೇ ಬಂದರೆ ಒಂದೂವರೆ ಅಡಿ ಹಿಂದಕ್ಕೆ ಮುಚ್ಚಳಕ್ಕಿಂತ ಎತ್ತರದ ಗೋಡೆ ಬೇಕು. ಗೋಡೆ ಗ್ರಿಲ್ಲಿಗೆ ತಾಗಿಯೇ ಇದ್ದರೆ ಬಿಸಿ ತಿರುಗಿ ಬರುತ್ತದೆ, ಮುಚ್ಚಳವೂ ಪೂರ್ತಿ ತೆರೆಯುವುದಿಲ್ಲ. ಹಿಂದೆ ಎಷ್ಟು ಬಿಡಬೇಕೆಂದು ಕೈಪಿಡಿಯಲ್ಲಿರುತ್ತದೆ, ಅದರಲ್ಲಿ ಒಂದು ಇಂಚೂ ಕಡಿಮೆ ಮಾಡಬೇಡಿ.

ಕಟ್ಟೆಯ ಮೇಲೆ ಯಾವ ಕಲ್ಲು? ಇಳಕಲ್ ಗ್ರಾನೈಟ್ ಒಳ್ಳೆಯದು. ಶಹಾಬಾದ್ ಫರಸಿ ಅಗ್ಗ, ಆದರೆ ಅದು ಸುಣ್ಣದ ಕಲ್ಲು. ನಿಂಬೆರಸ, ಹುಣಸೆಹುಳಿ ಬಿದ್ದಲ್ಲಿ ಮಾಸುತ್ತದೆ, ಉರಿಯ ಪಕ್ಕದಲ್ಲಿ ಪದರ ಏಳುತ್ತದೆ. ಗ್ರಾನೈಟಾದರೂ ಒಂದೇ ಹಲಗೆಯಲ್ಲಿ ಚೌಕ ಬಾಯಿ ಕೊರೆಸಬೇಡಿ. ಒಳಮೂಲೆಯಿಂದ ಕರ್ಣವಾಗಿ ಬಿರುಕು ಹೊರಡುತ್ತದೆ. ಗ್ರಿಲ್ಲಿನ ಹಿಂದೆ ಉಳಿಯುವ ಸಣ್ಣ ಪಟ್ಟಿಯನ್ನು ಬೇರೆ ತುಂಡಾಗಿಯೇ ಹಾಕಿಸಿ, ಸಂದಿ ಬಾಯಿಯ ಮೂಲೆಗೆ ಬರಲಿ. ಗ್ರಿಲ್ಲಿಗೂ ಕಲ್ಲಿಗೂ ನಡುವೆ 4-5 ಮಿ.ಮೀ. ಬಿಟ್ಟು, ಅದಕ್ಕೆ ಬಿಳಿ ಸಿಮೆಂಟ್ ತುಂಬದಂತೆ ಕೆಲಸಗಾರರನ್ನು ತಡೆಯಿರಿ. ಸ್ಟೀಲು ಕಾದು ಹಿಗ್ಗಲು ಆ ಜಾಗ ಬೇಕು.

ಗ್ಯಾಸಿನ ಲೆಕ್ಕ

ಪೆಟ್ಟಿಗೆಯ ಮೇಲೆ ಬಿಟಿಯು (ಗಂಟೆಗಿಷ್ಟು ಶಾಖ ಎಂಬ ಅಳತೆ) ಲೆಕ್ಕವಿದ್ದರೆ 3,412ರಿಂದ ಭಾಗಿಸಿ, ಕಿಲೋವ್ಯಾಟ್ ಸಿಗುತ್ತದೆ. 12,000 ಬಿಟಿಯು ಬರ್ನರ್ ಎಂದರೆ 3.5 ಕಿಲೋವ್ಯಾಟ್. ಒಂದು ಕೆ.ಜಿ. ಎಲ್‌ಪಿಜಿ ಒಂದು ಗಂಟೆಗೆ ಸುಮಾರು 12.8 ಕಿಲೋವ್ಯಾಟ್ ಕೊಡುತ್ತದೆ. ಮೂರು ಬರ್ನರ್ ಪೂರ್ತಿ ಉರಿದರೆ ಗಂಟೆಗೆ 0.8 ಕೆ.ಜಿ., ತುಂಬಿದ ಸಿಲಿಂಡರ್ 17 ಗಂಟೆ. ನಾಲ್ಕು ಕಿಲೋವ್ಯಾಟಿನ ನಾಲ್ಕು ಬರ್ನರಾದರೆ ಗಂಟೆಗೆ 1.25 ಕೆ.ಜಿ., 11 ಗಂಟೆ. ಅಷ್ಟು ವೇಗದಲ್ಲಿ ಎಳೆದರೆ ಸಿಲಿಂಡರಿನೊಳಗಿನ ದ್ರವ ಆವಿಯಾಗುವ ಭರಕ್ಕೆ ತಣ್ಣಗಾಗಿ, ಹೊರಮೈ ಬೆವರಿ, ಒತ್ತಡ ಇಳಿದು ಉರಿ ಕುಗ್ಗುತ್ತದೆ. ಧಾರವಾಡದ ಡಿಸೆಂಬರ್ ರಾತ್ರಿಗಳಲ್ಲಿ ಇದು ಬೇಗ ಆಗುತ್ತದೆ. ಆಗ ಗ್ರಿಲ್ ಕೆಟ್ಟಿದೆ ಎಂದು ಮೆಕ್ಯಾನಿಕ್ ಕರೆಯುವುದು ವ್ಯರ್ಥ. ಮನೆಯ ರೆಗ್ಯುಲೇಟರನ್ನು ಮಾಡಿರುವುದೂ ಅಡುಗೆ ಒಲೆಗೆ. ದೊಡ್ಡ ಗ್ರಿಲ್ಲೇ ಬೇಕಾದರೆ ಎರಡು ಸಿಲಿಂಡರ್ ಜೋಡಿಸುವ ವ್ಯವಸ್ಥೆಯನ್ನು ನಿಮ್ಮ ಗ್ಯಾಸ್ ಏಜೆನ್ಸಿಯ ಮೂಲಕವೇ ಮಾಡಿಸಿ. ಹೋಟೆಲ್ ಭಟ್ಟಿಗೆ ಹಾಕುವ ಹೈ ಪ್ರೆಷರ್ ರೆಗ್ಯುಲೇಟರ್ ಮಾತ್ರ ಎಂದಿಗೂ ಬೇಡ.

ನಮ್ಮ ಮನೆ ರೆಗ್ಯುಲೇಟರಿನ ಒತ್ತಡ 30 ಮಿಲಿಬಾರ್. ಯುರೋಪಿನ ಗ್ರಿಲ್ಲಿನ ಫಲಕದ ಮೇಲೆ "ಐ3ಬಿ/ಪಿ(30)" ಎಂದಿದ್ದರೆ ಹೊಂದುತ್ತದೆ, "(50)" ಎಂದಿದ್ದರೆ ಇಲ್ಲ. ಅಮೆರಿಕದವು ಸುಮಾರು 27 ಮಿಲಿಬಾರಿಗೆ ಮಾಡಿದವು, ಇಲ್ಲಿ ಉರಿಯುತ್ತವೆ. ಅವುಗಳ ರೆಗ್ಯುಲೇಟರ್ ಮಾತ್ರ ನಮ್ಮ ಸಿಲಿಂಡರಿನ 22 ಮಿ.ಮೀ. ವಾಲ್ವಿಗೆ ಕೂರುವುದಿಲ್ಲ. ಅದನ್ನು ಬಿಚ್ಚಿ ಇಲ್ಲಿನದು ಹಾಕಬೇಕು, ನಡುವೆ ಪರಿವರ್ತಕ ಇಟ್ಟು ಎರಡು ರೆಗ್ಯುಲೇಟರ್ ಒಂದರ ಹಿಂದೊಂದು ಜೋಡಿಸಬಾರದು. ಕೊಳವೆ ಗ್ಯಾಸ್ ಬಂದಿರುವ ಬಡಾವಣೆಯವರಿಗೆ ಇನ್ನೊಂದು ಮಾತು: ಅದರ ಒತ್ತಡ 21 ಮಿಲಿಬಾರ್, ಗ್ಯಾಸೂ ಬೇರೆ, ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಜೆಟ್ಟಿನ ತೂತು ದೊಡ್ಡದಿರಬೇಕು. ಎಲ್‌ಪಿಜಿ ಜೆಟ್ಟಿಗೆ ಕೊಳವೆ ಗ್ಯಾಸ್ ಕೊಟ್ಟರೆ ಉರಿ ಸೊರಗುತ್ತದೆ. ಕೊಳವೆ ಗ್ಯಾಸಿನ ಜೆಟ್ಟಿಗೆ ಎಲ್‌ಪಿಜಿ ಕೊಟ್ಟರೆ ಮಸಿ ಕಾರುತ್ತಾ ಮುಚ್ಚಳದೆತ್ತರಕ್ಕೆ ಏಳುತ್ತದೆ. ಕೊಳವೆ ಗ್ಯಾಸು ಗಾಳಿಗಿಂತ ಹಗುರ, ಹಾಗಾಗಿ ಖಾನೆಯ ಮೇಲಿನ ಕಿಂಡಿಗಳು ಮುಖ್ಯವಾಗುತ್ತವೆ. ಹಿತ್ತಲಿಗೆ ಲೈನ್ ಎಳೆಯುವ ಕೆಲಸ ಆ ಕಂಪನಿಯವರದೇ, ನಳದ ಕೆಲಸದವರದಲ್ಲ.

ಸಿಲಿಂಡರಿನ ಗೂಡಿನಿಂದ ಗ್ರಿಲ್ಲಿಗೆ ಒಂದೂವರೆ ಮೀಟರಿನೊಳಗಾದರೆ ಕಿತ್ತಳೆ ಬಣ್ಣದ ಸುರಕ್ಷಾ ಹೋಸ್ ಸಾಕು, ಆದರೆ ಅದು ಗೋಡೆ ತೂರಿ ಹೋಗಬಾರದು, ಪೂರ್ತಿ ಕಣ್ಣಿಗೆ ಕಾಣುತ್ತಿರಬೇಕು. ಅದಕ್ಕಿಂತ ದೂರವಾದರೆ ಅಥವಾ ಗೋಡೆ ದಾಟಬೇಕಾದರೆ ಗಟ್ಟಿ ಪೈಪ್: 15 ಮಿ.ಮೀ. ತಾಮ್ರ, ಇಲ್ಲವೇ ಕೆಂಪು ಪಟ್ಟಿಯಿರುವ ಸಿ ದರ್ಜೆಯ ಅರ್ಧ ಇಂಚು ಜಿಐ. ತಾಮ್ರಕ್ಕೆ ಬ್ರೇಜಿಂಗ್ (ಹೆಚ್ಚು ಬಿಸಿಯ ಗಟ್ಟಿ ಬೆಸುಗೆ) ಮಾಡಿಸಿ, ತವರದ ಬೆಸುಗೆ ಬಿಸಿಗೆ ಬಿಡುತ್ತದೆ. ಗೋಡೆ ದಾಟುವಲ್ಲಿ ಒಂದು ಇಂಚಿನ ಪೈಪ್ ತುಂಡನ್ನು ತೋಳಿನಂತೆ ಹೂತು ಅದರೊಳಗಿಂದ ಹಾಯಿಸಿದರೆ ಎರೆಮಣ್ಣಿನ ಅಲುಗಾಟ ಪೈಪಿಗೆ ತಟ್ಟುವುದಿಲ್ಲ. ಗಿಲಾವಿನೊಳಗೆ ಹೂಳಿದ ಪೈಪ್ ಸೋರಿದರೆ ಎಲ್ಲಿ ಎಂದು ಹುಡುಕಲಾಗದು. ಚೂಡಿ (ತಿರುಪಿನ ಗೆರೆ) ಇರುವ ಜಾಯಿಂಟಿಗೆ ಗ್ಯಾಸಿನ ಹಳದಿ ಟೇಪ್. ನೀರಿನ ತೆಳು ಬಿಳಿ ಟೇಪ್ ಬೇಡ. ಪೈಪಿನ ಬಾಯಿ ಅಗಲಿಸಿ ಕೂರಿಸುವ ಫ್ಲೇರ್ ಜಾಯಿಂಟಿಗೆ ಯಾವ ಟೇಪೂ ಬೇಡ, ಅಲ್ಲಿ ಲೋಹಕ್ಕೆ ಲೋಹವೇ ಕೂರಬೇಕು, ಟೇಪ್ ಸುತ್ತಿದರೇ ಸೋರುತ್ತದೆ. ಗ್ಯಾಸ್ ಬಂದ್ ಮಾಡುವ ಬಾಲ್ ವಾಲ್ವ್ ಒಂದು ಕಡ್ಡಾಯ. ಗ್ರಿಲ್ ಹೊತ್ತಿ ಉರಿಯುವಾಗಲೂ ಬೆಂಕಿಯ ಮೇಲೆ ಕೈ ಚಾಚದೆ ಮುಟ್ಟುವಂತೆ ಅದು ಕಟ್ಟೆಯ ತುದಿಯಲ್ಲಿರಲಿ.

ಪರೀಕ್ಷೆಗೆ ಅವಸರ ಬೇಡ. ಬರ್ನರುಗಳನ್ನು ಮುಚ್ಚಿ ಸಿಲಿಂಡರ್ ತೆರೆದು ಪ್ರತಿ ಜಾಯಿಂಟಿಗೂ ಸಾಬೂನು ನೊರೆ ಹಚ್ಚಿ ಒಂದೊಂದು ನಿಮಿಷ ನೋಡಿ. ಕಡ್ಡಿ ಗೀರಿ ನೋಡುವ ಚಾಳಿ ಇನ್ನೂ ಕೆಲವರಲ್ಲಿದೆ, ಅಂಥವರನ್ನು ಹತ್ತಿರ ಬಿಡಬೇಡಿ. ಗಟ್ಟಿ ಪೈಪಿನ ಲೈನಿಗೆ ಪಾರದರ್ಶಕ ನಳಿಕೆಯ ಯು ಮಾನೊಮೀಟರ್ (ನೀರು ತುಂಬಿದ, ಒತ್ತಡ ಅಳೆಯುವ ಯು ಆಕಾರದ ನಳಿಕೆ) ಹಚ್ಚಿದರೆ ಎರಡೂ ಕಡೆಯ ನೀರಿನ ಮಟ್ಟದ ಅಂತರ 30 ಸೆಂ.ಮೀ. ಆಸುಪಾಸು ತೋರಿಸಬೇಕು. ಸಿಲಿಂಡರ್ ಮುಚ್ಚಿ ಹತ್ತು ನಿಮಿಷ ಬಿಟ್ಟರೂ ಅದು ಇಳಿಯಬಾರದು. ಮೊದಲ ಬಾರಿ ಹೊತ್ತಿಸುವಾಗ, ಆಮೇಲೆ ಪ್ರತಿ ಬಾರಿಯೂ, ಮುಚ್ಚಳ ತೆರೆದಿರಲಿ. ಐದು ಸೆಕೆಂಡಿನಲ್ಲಿ ಹೊತ್ತದಿದ್ದರೆ ಗುಬ್ಬಿ ಮುಚ್ಚಿ ಐದು ನಿಮಿಷ ಕಾಯಿರಿ. ಉರಿ ನೀಲಿಯಾಗಿ, ತುದಿಯಲ್ಲಷ್ಟೇ ತುಸು ಹಳದಿ ಇರಬೇಕು. ಪೂರ್ತಿ ಹಳದಿಯಾದರೆ ಬರ್ನರಿನ ಬುಡದ ಗಾಳಿಬಾಯಿಯನ್ನು ಸ್ವಲ್ಪ ಅಗಲಿಸಿ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿರುವುದರಿಂದ ಗಾಳಿ ಕೊಂಚ ತೆಳು, ಹೊಸ ಗ್ರಿಲ್ಲಿಗೆ ಇಷ್ಟು ತಿದ್ದುಪಡಿ ಬೇಕಾಗಬಹುದು. ಉರಿ ಬುಸುಗುಟ್ಟುತ್ತಾ ಬರ್ನರಿನಿಂದ ಎದ್ದು ನಿಂತರೆ ಗಾಳಿ ಹೆಚ್ಚಾಯಿತೆಂದು ಅರ್ಥ.

ಮಳೆಗಾಲದ ನಾಲ್ಕು ತಿಂಗಳು ಹೊದಿಕೆಯಡಿಯಲ್ಲಿ ಸುಮ್ಮನಿದ್ದ ಗ್ರಿಲ್ಲನ್ನು ದಸರೆಗೆ ನೇರ ಹೊತ್ತಿಸಬೇಡಿ. ಬರ್ನರಿನ ಕೊಳವೆಯೊಳಗೆ ಜೇಡ ಬಲೆ ನೇಯ್ದಿರುತ್ತದೆ, ಕಣಜ ಮಣ್ಣಿನ ಗೂಡು ಮಾಡಿರುತ್ತದೆ. ದಾರಿ ಮುಚ್ಚಿದಾಗ ಗ್ಯಾಸು ಹಿಂದೆ ತಿರುಗಿ ಗುಬ್ಬಿಗಳ ಹಿಂಬದಿಯಲ್ಲಿ ಹೊತ್ತಿಕೊಳ್ಳುತ್ತದೆ. ಬರ್ನರ್ ಬಿಚ್ಚಿ, ಉದ್ದ ಹಿಡಿಕೆಯ ಬಾಟಲಿ ಬ್ರಷ್ ಎರಡೂ ಕಡೆಯಿಂದ ಹಾಯಿಸಿ, ಮರಳಿ ಕೂರಿಸುವಾಗ ಕೊಳವೆಯ ಬಾಯಿ ಜೆಟ್ಟಿನ ಮೇಲೆ ಸರಿಯಾಗಿ ಬಂದಿದೆಯೇ ನೋಡಿ. ಜಿಡ್ಡಿನ ತಟ್ಟೆಯನ್ನು ಎರಡು-ಮೂರು ಅಡುಗೆಗೊಮ್ಮೆ ತೊಳೆಯಿರಿ. ಜಿಡ್ಡಿಗೆ ಬೆಂಕಿ ಬಿದ್ದರೆ ನೀರು ಹಾಕದೆ ಗ್ಯಾಸ್ ಮುಚ್ಚಿ ಉಸುಕು ಸುರಿಯಿರಿ. ಒಂದು ಬಕೆಟ್ ಒಣ ಉಸುಕು ಕಟ್ಟೆಯ ಪಕ್ಕದಲ್ಲೇ ಇರಲಿ. ಸುರಕ್ಷಾ ಹೋಸಿನ ಆಯಸ್ಸು ಐದು ವರ್ಷ. ಹಾಕಿದ ತಿಂಗಳು-ವರ್ಷವನ್ನೂ, ಗ್ಯಾಸ್ ಸೋರಿಕೆಯ ತುರ್ತು ನಂಬರು 1906ನ್ನೂ ಸಿಲಿಂಡರ್ ಗೂಡಿನ ಬಾಗಿಲ ಮೇಲೆ ಪೇಂಟಿನಲ್ಲಿ ಬರೆಸಿ.